ಪಕ್ಕದ ವಿಮಾನದಿಂದ ಬಿಚ್ಚಿದ ಪಾರ್ಟ್ ಹಾಕಿದರೆ ಹೆದರಬೇಕಾ?

ಪ್ರಶ್ನೆ: ನಮ್ಮೂರು ತುಮಕೂರು. ಕಳೆದ ತಿಂಗಳು ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋದೆ. ಬೆಂಗಳೂರಿನಿಂದ ವಾರಾಣಸಿಗೆ ಕಡಿಮೆ ದರದ ವಿಮಾನದಲ್ಲಿ ಟಿಕೆಟ್ ಮಾಡಿಸಿದ್ದೆ. ಹತ್ತಿ ಕೂತಾಗ ಎಸಿ ಇರಲಿಲ್ಲ. ಸೆಕೆಗೆ ಅಮ್ಮನಿಗೆ ತಲೆ ಸುತ್ತು ಬಂತು. ಅರ್ಧ ಗಂಟೆ ಆದಮೇಲೆ ‘ಟೆಕ್ನಿಕಲ್ ಸಮಸ್ಯೆ’ ಅಂತ ಎಲ್ಲರನ್ನೂ ಇಳಿಸಿದರು. ನಾನು ಗಾಜಿನ ಹತ್ತಿರ ನಿಂತು ನೋಡುತ್ತಿದ್ದೆ. ಅದೇ ಕಂಪನಿಯ ಇನ್ನೊಂದು ವಿಮಾನ ಸ್ವಲ್ಪ ಆಚೆ ನಿಂತಿತ್ತು. ಅದರ ಎಂಜಿನ್ ಮುಚ್ಚಳ ತೆಗೆದು, ಏನನ್ನೋ ಬಿಚ್ಚಿ ತಂದು ನಮ್ಮ ವಿಮಾನಕ್ಕೆ ಹಾಕಿದರು. ನಾಲ್ಕೂವರೆ ಗಂಟೆ ತಡವಾಗಿ ಹೊರಟೆವು. ಮೇಲೆ ಹೋದಮೇಲೆ ರೆಕ್ಕೆಗೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿರುವುದನ್ನು ಅಪ್ಪ ತೋರಿಸಿದರು. ಕಮ್ಮಿ ದುಡ್ಡಿನ ವಿಮಾನಗಳಿಗೆ ಹಳೇ ಪಾರ್ಟ್, ನಕಲಿ ಪಾರ್ಟ್ ಹಾಕ್ತಾರೆ ಅಂತ ನಮ್ಮ ಭಾವ ಹೇಳ್ತಾರೆ. ಡಿಸೆಂಬರಿನಲ್ಲಿ ಅಮ್ಮನನ್ನು ಅಕ್ಕನ ಮನೆಗೆ ದೆಹಲಿಗೆ ಕರೆದೊಯ್ಯಬೇಕು, ಅದೇ ಕಂಪನಿಯ ಟಿಕೆಟ್ ಆಗಿದೆ. ಕ್ಯಾನ್ಸಲ್ ಮಾಡಲಾ?

ಉತ್ತರ: ನೀವು ಕಂಡದ್ದು ಇಷ್ಟೇ ಆಗಿದ್ದರೆ ಕ್ಯಾನ್ಸಲ್ ಮಾಡಬೇಡಿ. ಎಸಿ ಇಲ್ಲದ್ದು, ಟೇಪ್ ಅಂಟಿಸಿದ್ದು, ಪಕ್ಕದ ವಿಮಾನದಿಂದ ಪಾರ್ಟ್ ತಂದದ್ದು ಮೂರೂ ನಿಯಮದ ಒಳಗೇ ಆಗುವಂಥವು. ಹಾಗಂತ ನಿಮ್ಮ ಭಯ ಸುಳ್ಳು ಅಂತಲೂ ಹೇಳಲಾರೆ. ಹೆದರಬೇಕಾದ ವಿಷಯ ಇದೆ, ಆದರೆ ಅದು ಗಾಜಿನಿಂದ ನೋಡಿದರೆ ಕಾಣುವುದಿಲ್ಲ. ಎಚ್‌ಎಎಲ್ ಹಳೇ ಏರ್‌ಪೋರ್ಟ್ ಕಾಲದಿಂದ ದೇವನಹಳ್ಳಿಯವರೆಗೆ ಮೆಂಟೆನೆನ್ಸ್ ಎಂಜಿನಿಯರ್ ಆಗಿ ಕೆಲಸ ಮಾಡಿದವನು ನಾನು. ಕಂಡದ್ದನ್ನು ಹಾಗೇ ಹೇಳುತ್ತೇನೆ.

ಸುಲಭದ್ದನ್ನು ಮೊದಲು ಮುಗಿಸೋಣ. ಆ ಟೇಪ್ ಅಂಗಡಿಯಲ್ಲಿ ಸಿಗುವ ಟೇಪ್ ಅಲ್ಲ. ಸ್ಪೀಡ್ ಟೇಪ್ ಅನ್ನುತ್ತಾರೆ, ಅಲ್ಯೂಮಿನಿಯಂ ಹಾಳೆಗೆ ಗಟ್ಟಿ ಅಂಟು ಹಚ್ಚಿರುತ್ತದೆ. ಪೇಂಟ್ ಎದ್ದಲ್ಲಿ, ಸೀಲಂಟ್ ಕಿತ್ತಲ್ಲಿ ಮಳೆನೀರು, ಗಾಳಿ ನುಗ್ಗದ ಹಾಗೆ ಹಾಕುತ್ತೇವೆ. ಎಲ್ಲಿ ಹಾಕಬಹುದು, ಎಷ್ಟು ದಿನ ಇರಬಹುದು ಅನ್ನುವುದಕ್ಕೆ ವಿಮಾನ ತಯಾರಿಸಿದ ಕಂಪನಿಯ ರಿಪೇರಿ ಪುಸ್ತಕವೇ ಆಧಾರ. ರೆಕ್ಕೆಯ ಬಲ ಆ ಟೇಪಿನ ಮೇಲೆ ನಿಂತಿರುವುದಿಲ್ಲ. ದುಬಾರಿ ಟಿಕೆಟ್ಟಿನ ವಿಮಾನಗಳಲ್ಲೂ ಇದನ್ನು ನೋಡಬಹುದು.

ಎಸಿ ವಿಷಯ. ನಿಂತ ವಿಮಾನಕ್ಕೆ ತಂಪು ಗಾಳಿ ಬರುವುದು ಬಾಲದಲ್ಲಿರುವ ಸಣ್ಣ ಎಂಜಿನ್ನಿನಿಂದ. ಎಪಿಯು ಅಂತ ಹೆಸರು. ಅದು ಕೆಟ್ಟಿದ್ದರೂ ಷರತ್ತಿನ ಮೇಲೆ ಹಾರಬಹುದು, ಯಾಕಂದರೆ ದೊಡ್ಡ ಎಂಜಿನ್ ಶುರುವಾದ ಮೇಲೆ ಎಸಿ ಅದರಿಂದಲೇ ನಡೆಯುತ್ತದೆ. ಹಾಗೆ ಕೆಟ್ಟಿರುವಾಗ ಹೊರಗಿನಿಂದ ತಂಪು ಗಾಳಿಯ ಪೈಪ್ ಜೋಡಿಸಿ, ಆಮೇಲೆ ಜನರನ್ನು ಹತ್ತಿಸಬೇಕು. ನಿಮ್ಮ ಅಮ್ಮನಿಗೆ ತಲೆ ಸುತ್ತುವ ತನಕ ಬಿಟ್ಟದ್ದು ತಪ್ಪು. ಅದನ್ನು ಬರೆದು ದೂರು ಕೊಡಿ. ಆದರೆ ಅದು ಸೌಕರ್ಯದ ದೂರು, ವಿಮಾನ ಬೀಳುವ ಮಾತಲ್ಲ.

ಇಲ್ಲಿ ಒಂದು ಪಟ್ಟಿಯ ಬಗ್ಗೆ ಹೇಳಬೇಕು. ಎಂಇಎಲ್ ಅನ್ನುತ್ತೇವೆ. ಯಾವ ಯಾವ ಉಪಕರಣ ಕೆಟ್ಟಿದ್ದರೂ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನದೊಳಗೆ ಸರಿಮಾಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿದ ಪಟ್ಟಿ ಅದು. ಕೆಲವಕ್ಕೆ 3 ದಿನ, ಕೆಲವಕ್ಕೆ 10 ದಿನ, ಕೆಲವಕ್ಕೆ 120 ದಿನ ಗಡುವು. ಪಟ್ಟಿಯಲ್ಲಿ ಇಲ್ಲದ್ದು, ಹಾರಾಟಕ್ಕೆ ಬೇಕಾದದ್ದು ಕೆಟ್ಟರೆ ಒಂದು ಗಂಟೆಯೂ ಹಾರುವ ಹಾಗಿಲ್ಲ. ನಿಮ್ಮನ್ನು ಇಳಿಸಿದರು ಅಂದರೆ ಪಟ್ಟಿಯ ಆಚೆಗಿನದೇನೋ ಕೆಟ್ಟಿತ್ತು, ಅಥವಾ ಅದರ ಗಡುವು ಮುಗಿದಿತ್ತು.

ಇನ್ನು ಪಕ್ಕದ ವಿಮಾನದಿಂದ ಬಿಚ್ಚಿ ತಂದದ್ದು. ನಿಮ್ಮ ನಿಜವಾದ ಪ್ರಶ್ನೆ ಇದೇ ಅಲ್ವಾ? ನಮ್ಮ ಕೆಲಸದಲ್ಲಿ ಇದಕ್ಕೆ ‘ರಾಬ್ ಮಾಡೋದು’ ಅಂತಲೇ ಹೇಳುತ್ತಾರೆ. ಹೆಸರು ಕೇಳಿದರೆ ಕಳ್ಳತನದ ಹಾಗಿದೆ, ಆದರೆ ಕೆಲಸ ಪೂರ್ತಿ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಬ್ಲೀಡ್ ವಾಲ್ವ್ ಬದಲಿಸಬೇಕು ಅಂತಿಟ್ಟುಕೊಳ್ಳಿ. ಎಂಜಿನ್ನಿನಿಂದ ಬಿಸಿ ಗಾಳಿಯನ್ನು ಎಸಿ ವ್ಯವಸ್ಥೆಗೆ ಬಿಡುವ ವಾಲ್ವ್ ಅದು. ಕೈಗೆ ಸ್ಪ್ಯಾನರ್ ಬರುವ ಮೊದಲು ಕಾಗದ ಬರುತ್ತದೆ. ಎರಡೂ ವಿಮಾನದ ಪಾರ್ಟ್ ನಂಬರ್ ಒಂದೇನಾ, ಮಾಡಿಫಿಕೇಶನ್ ಮಟ್ಟ ಒಂದೇನಾ, ಆ ವಾಲ್ವ್ ಹಿಂದೆ ದೂರು ಕಂಡಿತ್ತಾ, ಎಲ್ಲ ನೋಡಿ ಮೆಂಟೆನೆನ್ಸ್ ಕಂಟ್ರೋಲ್ ಅನುಮತಿ ಕೊಡಬೇಕು. ಆಮೇಲೆ ಕಾಕ್‌ಪಿಟ್‌ನಲ್ಲಿ ಸಂಬಂಧಪಟ್ಟ ಸರ್ಕ್ಯೂಟ್ ಬ್ರೇಕರ್, ಅಂದರೆ ಕರೆಂಟ್ ಕಡಿಯುವ ಗುಂಡಿ, ಎಳೆದು, ಯಾರೂ ಮತ್ತೆ ಒತ್ತದ ಹಾಗೆ ಕ್ಲಿಪ್ ಹಾಕಬೇಕು. ಎಂಜಿನ್ ಈಗತಾನೇ ನಿಂತಿದ್ದರೆ ಕೈ ಸುಡುತ್ತದೆ, ಆರುವ ತನಕ ಕಾಯಬೇಕು. ಬಿಚ್ಚಿದ ಕಡೆ ಪೈಪಿನ ಬಾಯಿಗೂ ಕನೆಕ್ಟರಿಗೂ ಮುಚ್ಚಳ ಹಾಕಬೇಕು, ಒಂದು ನಟ್ ಒಳಗೆ ಬಿದ್ದರೆ ಕಥೆಯೇ ಬೇರೆ. ಹಳೇ ಸೀಲ್ ಎಸೆದು ಹೊಸದು ಹಾಕಬೇಕು. ವಾಲ್ವ್ ಇದ್ದೂ ಆ ಒಂದು ಸೀಲ್ ಸ್ಟೋರ್ಸ್‌ನಲ್ಲಿ ಇಲ್ಲದೆ ವಿಮಾನ ನಿಂತ ರಾತ್ರಿಗಳನ್ನು ನೋಡಿದ್ದೇನೆ. ಕೂರಿಸಿದ ಮೇಲೆ ಹೇಳಿದಷ್ಟೇ ಬಲಕ್ಕೆ ಬಿಗಿದು, ಬೇಕಾದಲ್ಲಿ ಸಡಿಲವಾಗದ ಹಾಗೆ ಲಾಕ್ ವೈರ್ ಹಾಕಿ, ಟೆಸ್ಟ್ ಮಾಡಬೇಕು. ಎರಡೂ ವಿಮಾನದ ಲಾಗ್ ಪುಸ್ತಕದಲ್ಲಿ ಸೀರಿಯಲ್ ನಂಬರ್ ಸಮೇತ ಬರೆಯಬೇಕು. ಕೊನೆಗೆ ಲೈಸೆನ್ಸ್ ಇರುವ ಎಂಜಿನಿಯರ್ ತನ್ನ ಹೆಸರಿನಲ್ಲಿ ಸಹಿ ಹಾಕಬೇಕು. ಆ ಸಹಿ ಬೀಳುವ ತನಕ ಕ್ಯಾಪ್ಟನ್ ವಿಮಾನ ಒಪ್ಪಿಕೊಳ್ಳುವುದಿಲ್ಲ. ನಿಮ್ಮ ನಾಲ್ಕೂವರೆ ಗಂಟೆ ಹೋದದ್ದು ಹೆಚ್ಚುಕಡಿಮೆ ಇಂಥದ್ದರಲ್ಲೇ.

ಹಾಗಾದರೆ ಇದರಲ್ಲಿ ಅಪಾಯವೇ ಇಲ್ಲವಾ? ಇದೆ. ಒಂದು ಪಾರ್ಟ್ ಹಾಕುವಲ್ಲಿ ಎರಡು ಸಲ ಬಿಚ್ಚುವುದು, ಎರಡು ಸಲ ಕೂರಿಸುವುದು ಆಗುತ್ತದೆ. ಬಿಚ್ಚಿದಾಗಲೆಲ್ಲ ಕನೆಕ್ಟರಿನ ಪಿನ್ ಬಾಗಬಹುದು, ಬ್ರಾಕೆಟ್ ಸೀಳಬಹುದು. ಪಾರ್ಟ್ ಕೊಟ್ಟ ವಿಮಾನಕ್ಕೆ ನಾಳೆ ಇನ್ನೊಂದು ಪಾರ್ಟ್ ಹೋಗುತ್ತದೆ, ನಾಡಿದ್ದು ಮತ್ತೊಂದು. ಅದು ಮತ್ತೆ ಹಾರಬೇಕಾದ ದಿನ ಏನೇನು ಹೋಗಿದೆ ಅಂತ ಹುಡುಕುವುದೇ ದೊಡ್ಡ ಕೆಲಸ. ಗೋ ಫಸ್ಟ್ (ಮೊದಲಿನ ಗೋಏರ್) ವಿಮಾನ ಕಂಪನಿ ನಿಂತ ಮೇಲೆ ಅದರ ವಿಮಾನಗಳನ್ನು ಬಾಡಿಗೆಗೆ ಕೊಟ್ಟ ಕಂಪನಿಗಳು ತಮ್ಮ ವಿಮಾನದ ಭಾಗಗಳು ಕಾಣೆಯಾಗಿವೆ ಅಂತ ದೆಹಲಿ ಹೈಕೋರ್ಟಿನ ಮುಂದೆ ದೂರಿದ್ದು ನಿಮಗೆ ನೆನಪಿರಬಹುದು. ಅಪರೂಪಕ್ಕೆ ರಾಬ್ ಮಾಡಿದರೆ ಅದು ಕೆಲಸದ ಭಾಗ. ದಿನಾ ಮಾಡಬೇಕಾಗಿ ಬಂದರೆ ಆ ಕಂಪನಿಯ ಸ್ಟೋರ್ಸ್ ಖಾಲಿಯಾಗಿದೆ ಅಂತ ಅರ್ಥ.

ಸ್ಟೋರ್ಸ್ ಯಾಕೆ ಖಾಲಿ ಇರುತ್ತದೆ ಅನ್ನುವುದೇ ಮುಖ್ಯ. ಕಡಿಮೆ ದರದ ವಿಮಾನ ಕಂಪನಿಯ ಲೆಕ್ಕ ಹೀಗಿರುತ್ತದೆ: ಒಂದೇ ಮಾದರಿಯ ವಿಮಾನ, ದಿನಕ್ಕೆ ಹನ್ನೆರಡು ಗಂಟೆಯ ಆಸುಪಾಸು ಹಾರಾಟ, ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಹೊರಡುವುದು. ಕಪಾಟಿನಲ್ಲಿ ಕೂತ ಪಾರ್ಟ್ ಅಂದರೆ ಸತ್ತ ದುಡ್ಡು. ಹಾಗಾಗಿ ಬೆಲೆಬಾಳುವ ಪಾರ್ಟ್‌ಗಳನ್ನು ಸ್ವಂತ ಇಟ್ಟುಕೊಳ್ಳದೆ ಪೂಲ್‌ಗೆ ಸೇರುತ್ತಾರೆ. ಊರಿನ ದೇವಸ್ಥಾನದಲ್ಲಿ ಮದುವೆಗೆ ಕೊಡುವ ದೊಡ್ಡ ಕೊಳದಪ್ಪಲೆ, ಹಂಡೆಗಳಿರುತ್ತವಲ್ಲ, ಹಾಗೆ. ಎಲ್ಲರೂ ವಂತಿಗೆ ಕೊಡುತ್ತಾರೆ, ಬೇಕಾದವರು ಒಯ್ದು ಬಳಸುತ್ತಾರೆ. ಒಂದೇ ಮುಹೂರ್ತಕ್ಕೆ ನಾಲ್ಕು ಮದುವೆ ಬಿದ್ದರೆ ಕಷ್ಟ. ವಂತಿಗೆ ಬಾಕಿ ಉಳಿಸಿಕೊಂಡವರಿಗಂತೂ ಕೇಳುವ ಮುಖವೇ ಇರುವುದಿಲ್ಲ. ಪೂಲ್‌ನಲ್ಲೂ ಹಾರಿದ ಗಂಟೆಗೆ ಇಷ್ಟು ಅಂತ ಡಾಲರಿನಲ್ಲಿ ಕಟ್ಟಬೇಕು. ಕಟ್ಟದಿದ್ದರೆ ಪಾರ್ಟ್ ಬರುವುದು ನಿಲ್ಲುತ್ತದೆ.

ಜೊತೆಗೆ ಪಾರ್ಟ್ ಇರುವುದು ದೊಡ್ಡ ಊರುಗಳಲ್ಲಿ. ಬೆಂಗಳೂರು, ದೆಹಲಿಯಲ್ಲಿ ಸಿಗುವುದು ಸಣ್ಣ ನಿಲ್ದಾಣದಲ್ಲಿ ಸಿಗುವುದಿಲ್ಲ. ಅಲ್ಲಿ ಚಕ್ರ, ಎಣ್ಣೆ, ಒಂದಷ್ಟು ಬಲ್ಬು, ಅಷ್ಟೇ. ಮಿಕ್ಕದ್ದು ಮುಂದಿನ ವಿಮಾನದ ಹೊಟ್ಟೆಯಲ್ಲಿ ಬರಬೇಕು. ವಿದೇಶದಿಂದ ಬರಬೇಕಾದರೆ ಕಸ್ಟಮ್ಸ್ ಬಾಗಿಲು ದಾಟಬೇಕು. ಮೊದಲು ಪಾರ್ಟಿಗೊಂದು ತೆರಿಗೆ ಇತ್ತು, 5ರಿಂದ 28 ಪರ್ಸೆಂಟಿನವರೆಗೆ. 2024ರ ಜುಲೈನಿಂದ ಎಲ್ಲಕ್ಕೂ ಒಂದೇ 5 ಪರ್ಸೆಂಟ್ ಐಜಿಎಸ್‌ಟಿ ಮಾಡಿದ್ದಾರೆ. ಅದು ಒಳ್ಳೆಯ ಕೆಲಸ.

ಇದರ ಮೇಲೆ ಎಂಜಿನ್ ಸಮಸ್ಯೆ ಬಂದು ಕೂತಿದೆ. ಏರ್‌ಬಸ್ ಕಂಪನಿಯ ಎ320 ನಿಯೋ ವಿಮಾನ ಹಳೆಯ ಎ320ಗಿಂತ ಸುಮಾರು ಶೇ. 15ರಷ್ಟು ಇಂಧನ ಉಳಿಸುತ್ತದೆ. ಅದಕ್ಕೇ ನಮ್ಮ ಕಂಪನಿಗಳು ಅದನ್ನು ನೂರುಗಟ್ಟಲೆ ಕೊಂಡವು. ಅದಕ್ಕೆ ಹಾಕುವ ಎಂಜಿನ್‌ಗಳಲ್ಲಿ ಒಂದು ಪ್ರಾಟ್ ಅಂಡ್ ವಿಟ್ನಿಯದ್ದು. ಶುರುವಿನಿಂದಲೇ ಅದಕ್ಕೆ ಕಾಟ ಇತ್ತು. 2018ರ ಮಾರ್ಚಿನಲ್ಲೇ ಡಿಜಿಸಿಎ ಇಂಡಿಗೋ ಮತ್ತು ಗೋಏರ್‌ನ 11 ನಿಯೋ ವಿಮಾನಗಳನ್ನು ನಿಲ್ಲಿಸಿತ್ತು. 2023ರ ಜುಲೈನಲ್ಲಿ ಇನ್ನೊಂದು ಹೊರಬಿತ್ತು. ಎಂಜಿನ್ನಿನ ಒಳಗೆ ಜೋರಾಗಿ ಸುತ್ತುವ ಡಿಸ್ಕುಗಳನ್ನು ಲೋಹದ ಪುಡಿ ಒತ್ತಿ ಮಾಡುತ್ತಾರೆ. 2015ರ ಕೊನೆಯಿಂದ 2021ರವರೆಗೆ ತಯಾರಾದ ಕೆಲವು ಡಿಸ್ಕುಗಳ ಪುಡಿಯಲ್ಲಿ ಕಣ್ಣಿಗೆ ಕಾಣದಷ್ಟು ಕಲಬೆರಕೆ ಇತ್ತು. ಅಂಥ ಡಿಸ್ಕ್ ಹೇಳಿದ ಆಯಸ್ಸಿಗಿಂತ ಮೊದಲೇ ಬಿರುಕು ಬಿಡಬಹುದು. ಹಾಗಾಗಿ ಎಂಜಿನ್ ಇಳಿಸಿ, ಬಿಚ್ಚಿ, ಅಲ್ಟ್ರಾಸೌಂಡ್ ಹಿಡಿದು ನೋಡಬೇಕಾಯಿತು. ಒಂದು ಎಂಜಿನ್ ಹೀಗೆ ಹೋಗಿ ವಾಪಸ್ ಬರಲು 300 ದಿನದವರೆಗೂ ಹಿಡಿಯಬಹುದು ಅಂತ ಕಂಪನಿಯೇ ಹೇಳಿತು. 2024ರ ಶುರುವಿನಲ್ಲಿ ಇಂಡಿಗೋದ 70ಕ್ಕೂ ಜಾಸ್ತಿ ವಿಮಾನ ನೆಲದಲ್ಲಿದ್ದವು. ಗೋ ಫಸ್ಟ್ ಅದಕ್ಕೂ ಮೊದಲೇ, 2023ರ ಮೇ 2ರಂದು, ಎಂಜಿನ್ ಸಿಗದೆ ಸುಮಾರು ಅರ್ಧ ವಿಮಾನಗಳು ನಿಂತಿವೆ ಅಂತ ಹೇಳಿ ದಿವಾಳಿ ಅರ್ಜಿ ಹಾಕಿತ್ತು. ಮತ್ತೆ ಏಳಲಿಲ್ಲ.

ಆ ದಿನಗಳಲ್ಲಿ ಏರ್‌ಪೋರ್ಟ್ ಮೂಲೆಗಳಲ್ಲಿ ಎಂಜಿನ್ ಇಲ್ಲದ ಹೊಸ ವಿಮಾನಗಳು ನಿಂತಿರುವುದನ್ನು ನೋಡಿದರೆ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಒಂದು ಮಾತು ಗಮನಿಸಿ. ಅವು ನಿಂತವು, ಹಾರಲಿಲ್ಲ. ಅನುಮಾನ ಬಂದ ಎಂಜಿನ್ ಕೆಳಗಿಳಿಯಿತು. ಪಾರ್ಟ್ ಇಲ್ಲದ್ದರಿಂದ ಮೊದಲು ಏಟು ಬೀಳುವುದು ವೇಳಾಪಟ್ಟಿಗೆ, ಆಮೇಲೆ ಟಿಕೆಟ್ ದರಕ್ಕೆ. ಪ್ರಾಣಕ್ಕೆ ಅಪಾಯ ಬರುವುದು ಆ ಒತ್ತಡದಲ್ಲಿ ಯಾರಾದರೂ ‘ಇವತ್ತೊಂದಿನ ಹೋಗಲಿ ಬಿಡು’ ಅಂದಾಗ.

ಅದಕ್ಕೇ ನಾನು ಹೆದರುವುದು ಎರಡಕ್ಕೆ.

ಒಂದು, ಪದೇ ಪದೇ ಬರುವ ಅದೇ ದೋಷ. 2014ರ ಡಿಸೆಂಬರ್ 28ರಂದು ಇಂಡೋನೇಷ್ಯಾ ಏರ್‌ಏಷ್ಯಾದ ಎ320 ವಿಮಾನ ಸುರಬಾಯಾದಿಂದ ಸಿಂಗಪುರಕ್ಕೆ ಹೋಗುವಾಗ ಜಾವಾ ಸಮುದ್ರಕ್ಕೆ ಬಿತ್ತು. 162 ಜನ ಹೋದರು. ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರ್ ಎಷ್ಟು ತಿರುಗಬೇಕು ಅಂತ ಮಿತಿ ಹಾಕುವ ಒಂದು ಯೂನಿಟ್ ಇದೆ. ಅದರ ಎಲೆಕ್ಟ್ರಾನಿಕ್ ಕಾರ್ಡಿನಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಅದೇ ದೋಷ ಹಿಂದಿನ ಹನ್ನೆರಡು ತಿಂಗಳಲ್ಲಿ 23 ಸಲ ಬಂದಿತ್ತು ಅಂತ ತನಿಖಾ ವರದಿ ಹೇಳುತ್ತದೆ. ಕೊನೆಕೊನೆಗೆ ಇನ್ನೂ ಬೇಗ ಬೇಗ ಬರುತ್ತಿತ್ತು. ಬಂದಾಗೊಮ್ಮೆ ರಿಸೆಟ್, ಟೆಸ್ಟ್, ಓಕೆ. ಆ ದಿನ ಗಾಳಿಯಲ್ಲಿ ನಾಲ್ಕು ಸಲ ಬಂತು. ನಾಲ್ಕನೇ ಸಲ, ಸರ್ಕ್ಯೂಟ್ ಬ್ರೇಕರ್ ಎಳೆದರೆ ಆಗುವಂಥದ್ದೇ ಆಗಿ, ಆಟೋಪೈಲಟ್ ಕಳಚಿತು. ಆಮೇಲೆ ಪೈಲಟ್‌ಗಳ ಹಿಡಿತವೂ ತಪ್ಪಿತು. ಒಂದು ಸಣ್ಣ ಕಾರ್ಡ್! ಸಮಯಕ್ಕೆ ಆ ಯೂನಿಟ್ ಕಿತ್ತು ಬೇರೆ ಹಾಕಿದ್ದರೆ, ಪಕ್ಕದ ವಿಮಾನದಿಂದ ರಾಬ್ ಮಾಡಿಯಾದರೂ ಹಾಕಿದ್ದರೆ, ಈ ಸರಪಳಿ ಶುರುವಾಗುವುದೇ ತಪ್ಪುತ್ತಿತ್ತು. ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಲಾಗ್ ಪುಸ್ತಕದ ಇವತ್ತಿನ ಪುಟ ಮಾತ್ರ ನೋಡಬೇಡಿ, ಹಿಂದಿನ ಪುಟಗಳನ್ನು ತಿರುವಿ.

ಇನ್ನೊಂದು, ಸರಬರಾಜುದಾರರಿಗೆ ದುಡ್ಡು ಕೊಡಲಾಗದ ಕಂಪನಿ. 2022ರ ಜುಲೈನಲ್ಲಿ ಡಿಜಿಸಿಎ ಸ್ಪೈಸ್‌ಜೆಟ್‌ಗೆ ನೋಟಿಸ್ ಕೊಟ್ಟಿತು. ಹಿಂದಿನ ಸೆಪ್ಟೆಂಬರಿನ ಹಣಕಾಸು ಪರಿಶೀಲನೆಯಲ್ಲಿ ಕಂಡದ್ದನ್ನು ಅದರಲ್ಲಿ ಬರೆದಿತ್ತು: ಪೂರೈಕೆದಾರರಿಗೆ ಸರಿಯಾಗಿ ಹಣ ಸಂದಾಯ ಆಗುತ್ತಿಲ್ಲ, ಅದರಿಂದ ಬಿಡಿಭಾಗಗಳ ಕೊರತೆ ಆಗಿದೆ, ಎಂಇಎಲ್ ಪದೇ ಪದೇ ಬಳಕೆಯಾಗುತ್ತಿದೆ. ಅದೇ ತಿಂಗಳ ಕೊನೆಗೆ ಎಂಟು ವಾರ ಅರ್ಧದಷ್ಟೇ ಹಾರಾಟ ನಡೆಸಬೇಕು ಅಂತ ಆದೇಶ ಬಂತು. ತನ್ನ ವಿಮಾನಗಳು ಸುರಕ್ಷಿತ ಅಂತ ಕಂಪನಿ ಹೇಳಿತು. ನಿರ್ಬಂಧ ಅಕ್ಟೋಬರ್ ಕೊನೆಗೆ ತೆರವಾಯಿತು. ನಾನು ಇಲ್ಲಿ ಒಂದು ಕಂಪನಿಯನ್ನು ದೂರುತ್ತಿಲ್ಲ. ಹಣದ ತೊಂದರೆ ಹೇಗೆ ಸ್ಟೋರ್ಸ್‌ಗೆ, ಅಲ್ಲಿಂದ ಎಂಇಎಲ್ ಪಟ್ಟಿಗೆ ಇಳಿದು ಬರುತ್ತದೆ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಬರೆದ ಸರ್ಕಾರಿ ಕಾಗದ ಅಪರೂಪ.

ದುಬಾರಿ ಟಿಕೆಟ್ ಕೊಂಡರೆ ಇದೆಲ್ಲ ತಪ್ಪುತ್ತದಾ? ಇಲ್ಲ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನ ಪೆಸಿಫಿಕ್ ಸಾಗರಕ್ಕೆ ಬಿದ್ದು 88 ಜನ ಸತ್ತರು. ಅದು ಕಡಿಮೆ ದರದ ಕಂಪನಿ ಅಲ್ಲ. ಬಾಲದ ಒಂದು ಸ್ಕ್ರೂಗೆ ಗ್ರೀಸ್ ಹಚ್ಚುವ ಅವಧಿಯನ್ನು ಹಿಗ್ಗಿಸುತ್ತಾ ಹೋಗಿದ್ದರು, ಅದು ತಿರುಗುವ ನಟ್ಟಿನ ಎಳೆ ಸವೆದು ಹೋಗಿತ್ತು. ಇತ್ತ ಯುರೋಪಿನ ರಯಾನ್‌ಏರ್ ಕಡಿಮೆ ದರಕ್ಕೇ ಹೆಸರಾದದ್ದು. ಇಷ್ಟು ದಶಕಗಳಲ್ಲಿ ಅದರ ಅಪಘಾತದಲ್ಲಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ.

ನಿಮ್ಮ ಭಾವ ಹೇಳಿದ ನಕಲಿ ಪಾರ್ಟ್ ಕಥೆ ಪೂರ್ತಿ ಸುಳ್ಳಲ್ಲ. ಪ್ರತಿ ಪಾರ್ಟಿನ ಜೊತೆ, ಇದು ಬಳಸಲು ಯೋಗ್ಯ ಅನ್ನುವ ಒಂದು ಬಿಡುಗಡೆ ಪತ್ರ ಬರಬೇಕು, ಅದಿಲ್ಲದೆ ಸ್ಟೋರ್ಸ್ ಒಳಗೇ ಬಿಡುವುದಿಲ್ಲ. 2023ರಲ್ಲಿ ಬ್ರಿಟನ್ನಿನ ಎಒಜಿ ಟೆಕ್ನಿಕ್ಸ್ ಅನ್ನುವ ಸಣ್ಣ ಕಂಪನಿ ಆ ಪತ್ರಗಳನ್ನೇ ನಕಲು ಮಾಡಿ ಎಂಜಿನ್ ಪಾರ್ಟ್ ಮಾರಿದ್ದು ಬಯಲಾಯಿತು. ಪೋರ್ಚುಗಲ್ಲಿನ ಟಿಎಪಿ ವಿಮಾನ ಕಂಪನಿಯ ವರ್ಕ್‌ಶಾಪ್‌ನವರಿಗೆ ಒಂದು ಪಾರ್ಟ್ ನೋಡಿ, ಇದು ಪತ್ರದಲ್ಲಿ ಬರೆದದ್ದಕ್ಕಿಂತ ಹಳೆಯದು ಅಂತ ಅನುಮಾನ ಬಂದು ಕೇಳಿದ್ದೇ ಕಾರಣ. ಆ ಪಾರ್ಟ್‌ಗಳು ಸಿಕ್ಕಿದ್ದು ಎಲ್ಲಿ? ಡೆಲ್ಟಾ, ಯುನೈಟೆಡ್, ಅಮೆರಿಕನ್ ತರಹದ ದೊಡ್ಡ ಕಂಪನಿಗಳ ಎಂಜಿನ್‌ಗಳಲ್ಲೂ ಸಿಕ್ಕವು. ಪತ್ತೆಯಾದ ಮೇಲೆ ಕಿತ್ತು ಹಾಕಿದರು. ಕೊರತೆ ಜಾಸ್ತಿ ಆದಷ್ಟೂ ಇಂಥವರಿಗೆ ಮಾರುಕಟ್ಟೆ ತೆರೆಯುತ್ತದೆ. ನನಗೆ ಚಿಂತೆ ಇರುವುದು ಅದಕ್ಕೆ.

ಹಳೇ ಪಾರ್ಟ್ ಬೇರೆ, ನಕಲಿ ಬೇರೆ. ಬಳಸಿದ ಪಾರ್ಟನ್ನು ವರ್ಕ್‌ಶಾಪ್‌ನಲ್ಲಿ ಬಿಚ್ಚಿ, ಸರಿಮಾಡಿ, ಟೆಸ್ಟ್ ಮಾಡಿ ಮತ್ತೆ ಹಾಕುವುದು ಪ್ರಪಂಚದ ಎಲ್ಲ ಕಂಪನಿಗಳ ರೂಢಿ. ಚಕ್ರದ ಟೈರನ್ನೇ ಹಲವು ಸಲ ರೀಟ್ರೆಡ್ ಮಾಡುತ್ತೇವೆ. ಅದರ ಅಪಾಯ ಇರುವುದು ವರ್ಕ್‌ಶಾಪಿನ ಕೆಲಸದಲ್ಲಿ. 2018ರಲ್ಲಿ ಬಿದ್ದ ಲಯನ್ ಏರ್ ವಿಮಾನಕ್ಕೆ ಹಿಂದಿನ ದಿನ ಹಾಕಿದ ಸೆನ್ಸರ್ ಅಮೆರಿಕದ ವರ್ಕ್‌ಶಾಪಿನಲ್ಲಿ ರಿಪೇರಿಯಾಗಿ, ಸರಿಯಾದ ಪತ್ರದೊಂದಿಗೆ ಬಂದದ್ದು. ಆದರೆ ಅಲ್ಲಿ ಅಳತೆ ತಪ್ಪಿಸಿ ಕೂರಿಸಿದ್ದರು, ಇಲ್ಲಿ ಹಾಕಿದಾಗಲೂ ಅದು ಸಿಕ್ಕಿಬೀಳಲಿಲ್ಲ. ಬೋಯಿಂಗ್ ವಿನ್ಯಾಸದ ತಪ್ಪು ಅದರ ಜೊತೆ ಸೇರಿತು, 189 ಜನ ಸತ್ತರು. ಹಾಗಾಗಿ ಪತ್ರ ಇದ್ದರೂ ಹಾಕಿದ ಮೇಲಿನ ಟೆಸ್ಟನ್ನು ಒಂದು ಸಾಲೂ ಬಿಡದೆ ಮಾಡಬೇಕು.

ವಿಮಾನ ಕಂಪನಿಗಳ ಮುಂದೆ ಇರುವ ದಾರಿಗಳೂ ಸುಲಭದವಲ್ಲ. ಜಾಸ್ತಿ ಪಾರ್ಟ್ ಕೊಂಡಿಟ್ಟರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪೇರ್ ಎಂಜಿನ್ ಬಾಡಿಗೆಗೆ ತಂದರೆ ಟಿಕೆಟ್ ದರ ಏರುತ್ತದೆ. ಪೈಲಟ್ ಸಮೇತ ಬೇರೆಯವರ ವಿಮಾನ ತಂದರೆ, ಇಂಡಿಗೋ ಹಾಗೆ ಮಾಡಿದೆ, ಅದರ ಮೆಂಟೆನೆನ್ಸ್ ಮೇಲೆ ನಮ್ಮ ಕೈ ಅಷ್ಟು ಇರುವುದಿಲ್ಲ. ಹಳೇ ವಿಮಾನಗಳನ್ನು ಇನ್ನಷ್ಟು ವರ್ಷ ಉಳಿಸಿಕೊಂಡರೆ ರಿಪೇರಿ ಕೆಲಸ ಜಾಸ್ತಿ. ನನಗೆ ಸರಿ ಅನಿಸುವುದು ನಮ್ಮಲ್ಲೇ ರಿಪೇರಿ ಬೆಳೆಸುವುದು. 2025ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಸಫ್ರಾನ್ ಕಂಪನಿಯ ಲೀಪ್ ಎಂಜಿನ್ ರಿಪೇರಿ ಕೇಂದ್ರ ಉದ್ಘಾಟನೆ ಆಗಿದೆ. ನಿಯೋದಲ್ಲಿ ಬಳಸುವ ಇನ್ನೊಂದು ಎಂಜಿನ್ ಅದು. ಕೆಲಸ ಪೂರ್ತಿ ಕುದುರಲು ಸಮಯ ಬೇಕು, ಕೈ ಪಳಗಿದ ಹುಡುಗರೂ ಬೇಕು.

ಈಗ ನಿಮ್ಮ ಕೈಲಿ ಏನಿದೆ ಅಂತ ನೋಡೋಣ. ಕಂಪನಿಯನ್ನು ಆರಿಸುವಾಗ ದರಕ್ಕಿಂತ ಸುದ್ದಿ ನೋಡಿ. ಸಂಬಳ ಬಾಕಿ, ವಿಮಾನ ಬಾಡಿಗೆಗೆ ಕೊಟ್ಟವರು ಕೋರ್ಟಿಗೆ ಹೋದದ್ದು, ಡಿಜಿಸಿಎ ನೋಟಿಸ್, ಈ ಮೂರರಲ್ಲಿ ಎರಡು ಒಟ್ಟಿಗೆ ಕಂಡರೆ ನಾನು ನನ್ನ ಮನೆಯವರಿಗೆ ಬೇರೆ ಟಿಕೆಟ್ ಮಾಡಿಸುತ್ತೇನೆ. ಸುರಕ್ಷತೆಗೆ ಅಷ್ಟೇ ಅಲ್ಲ, ಕಂಪನಿ ನಿಂತರೆ ದುಡ್ಡು ವಾಪಸ್ ಬರುವುದು ಕಷ್ಟ.

ವಯಸ್ಸಾದವರ ಜೊತೆ ಹೋಗುವಾಗ ದಿನದ ಕೊನೇ ವಿಮಾನ ಹಿಡಿಯಬೇಡಿ. ಬೆಳಗಿನಿಂದ ಒಂದೇ ವಿಮಾನ ಐದಾರು ಊರು ತಿರುಗಿ ಬಂದಿರುತ್ತದೆ, ಎಲ್ಲಿ ಕೆಟ್ಟರೂ ಕೊನೆಯವರಿಗೆ ಹೊಡೆತ. ದೊಡ್ಡ ರಿಪೇರಿಗಳು ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದವರೆಗೆ ನಡೆಯುತ್ತವೆ, ಹಾಗಾಗಿ ಬೆಳಗಿನ ವಿಮಾನ ಒಳ್ಳೆಯದು. ಆದರೆ ಡಿಸೆಂಬರಿನಲ್ಲಿ ದೇವನಹಳ್ಳಿಯಲ್ಲೂ ದೆಹಲಿಯಲ್ಲೂ ಬೆಳಗ್ಗೆ ಮಂಜು ಬೀಳುತ್ತದೆ. ಹತ್ತು ಹನ್ನೊಂದು ಗಂಟೆಯ ವಿಮಾನ ಸಿಕ್ಕರೆ ಮಂಜಿನ ಕಾಟ, ಕೊನೇ ವಿಮಾನದ ಕಾಟ ಎರಡೂ ಬಹುಮಟ್ಟಿಗೆ ತಪ್ಪುತ್ತವೆ. ಅಮ್ಮನ ಮಾತ್ರೆ, ನೀರಿನ ಬಾಟಲಿ, ಒಂದು ಹೊತ್ತಿನ ತಿಂಡಿ ಕೈಚೀಲದಲ್ಲೇ ಇರಲಿ.

ವಿಮಾನದ ಒಳಗೆ ಮತ್ತೆ ಸೆಕೆ ಆದರೆ ಸುಮ್ನೆ ಕೂರಬೇಡಿ. ಗಗನಸಖಿಯನ್ನು ಕರೆದು, ವಯಸ್ಸಾದವರಿಗೆ ತಲೆ ಸುತ್ತುತ್ತಿದೆ, ಕ್ಯಾಪ್ಟನ್‌ಗೆ ತಿಳಿಸಿ ಅಂತ ಸ್ಪಷ್ಟವಾಗಿ ಹೇಳಿ. ಆ ಮಾತು ಕಾಕ್‌ಪಿಟ್‌ಗೆ ಹೋದರೆ ಗಾಳಿಯ ಪೈಪ್ ಬೇಗ ಬರುತ್ತದೆ, ಇಲ್ಲವೇ ಬಾಗಿಲು ತೆಗೆಯುತ್ತಾರೆ. ಎರಡೂವರೆ ಗಂಟೆಯೊಳಗಿನ ಪ್ರಯಾಣದ ವಿಮಾನ ಎರಡು ಗಂಟೆಗಿಂತ ಜಾಸ್ತಿ ತಡವಾದರೆ ಊಟ ತಿಂಡಿ ಕೊಡಬೇಕು. ಅದಕ್ಕಿಂತ ದೂರದ ದೇಶದೊಳಗಿನ ಪ್ರಯಾಣಕ್ಕೆ ಈ ಮಿತಿ ಸ್ವಲ್ಪ ಜಾಸ್ತಿ. ಆರು ಗಂಟೆಗಿಂತ ಜಾಸ್ತಿ ತಡ ಅಂತ ಗೊತ್ತಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್, ಆಯ್ಕೆ ನಿಮ್ಮದು. ಕೌಂಟರಿನಲ್ಲಿ ಹೇಳಿದ ಕಾರಣವನ್ನು ಅಲ್ಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಕಂಪನಿ ಕೇಳದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಹಾಕುವಾಗ ಬೋರ್ಡಿಂಗ್ ಪಾಸಿನ ಫೋಟೋ ಜೊತೆ ಅದೂ ಬೇಕಾಗುತ್ತದೆ.